ಯಾವ ಕಾಡು, ಯಾವ ಕರೆಂಟು

ಮಲೆನಾಡಿನ ಬಾಡೂಟದ ಪಂಕ್ತಿಯಲ್ಲಿ ಕೂತರೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಈ ಫಾರಂ ಕೋಳಿ ತಿನ್ನೋದಕ್ಕಿಂತ ಅಜ್ಜನ ಕಾಲದ ಹಾಗೆ ಶಿಕಾರಿ ಮಾಡಿ ತಿನ್ನೋದೇ ವಾಸಿ. ಪ್ರಾಣಿಗೆ ಪಂಜರವಿಲ್ಲ, ಕಾಡಿಗೆ ತೊಂದರೆಯಿಲ್ಲ." ಅದೇ ಸಾಲಿನಲ್ಲಿ ಬೆಂಗಳೂರಿನಿಂದ ಬಂದ ಹುಡುಗರಿದ್ದರೆ ಅವರದು ಬೇರೆ ಮಾತು: "ಇನ್ನು ಸ್ವಲ್ಪ ವರ್ಷ, ಮಾಂಸವೆಲ್ಲ ಲ್ಯಾಬಿನಲ್ಲೇ ಬೆಳೆಯುತ್ತೆ. ಯಾರನ್ನೂ ಕೊಲ್ಲಬೇಕಿಲ್ಲ." ಇಬ್ಬರ ಕಾಳಜಿಯೂ ದೊಡ್ಡದೇ. ಆದರೆ ಇಬ್ಬರೂ ಬೇರೆಲ್ಲೋ ಸರಿಹೊಂದಿದ ಲೆಕ್ಕವನ್ನು ತಂದು ಇಲ್ಲಿಗೂ ಅದೇ ಎಂದುಕೊಂಡಿದ್ದಾರೆ. ಅದಕ್ಕೇ ಒಂದೊಂದಾಗಿ ಬಿಡಿಸಿ ನೋಡಬೇಕು.

ನಂಬಿಕೆ: ಬೇಟೆಯ ಮಾಂಸ ಪರಿಸರಕ್ಕೆ ಹಗುರ

ಅಮೆರಿಕದಲ್ಲಿ ಈ ಮಾತಿಗೆ ಆಧಾರವಿದೆ. ಅಲ್ಲಿನ ಪೂರ್ವಭಾಗದ ಬಹುತೇಕ ಕಾಡುಗಳಿಂದ ತೋಳವನ್ನೂ ಪ್ಯೂಮಾವನ್ನೂ ಜನ ಎಂದೋ ಅಳಿಸಿಹಾಕಿದರು. ತಿನ್ನುವವರಿಲ್ಲದೆ ಬಿಳಿಬಾಲದ ಜಿಂಕೆಗಳು ಕೋಟಿಗಟ್ಟಲೆ ಬೆಳೆದವು. ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೇ ಕೊಡಬೇಕೆಂಬ ಕಾನೂನು 1937ರಿಂದಲೂ ಅಲ್ಲಿದೆ. ಬೇಟೆಯಾಡಿದ ಜಿಂಕೆಯನ್ನು ಮನೆಯಲ್ಲಿ ತಿನ್ನಬಹುದು, ಅಂಗಡಿಯಲ್ಲಿ ಮಾರುವಂತಿಲ್ಲ. ಈ ನಿಷೇಧದ ಹಿಂದೆ ಕಹಿ ಅನುಭವವಿದೆ. ಹಾರುವಾಗ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಕೊಂದು ಪೇಟೆಗೆ ಸಾಗಿಸಿದ್ದರ ಫಲವಾಗಿ, ಆ ಜಾತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತುಹೋಯಿತು.

ಈಗ ನಾಗರಹೊಳೆಗೆ ಬನ್ನಿ. ಅಲ್ಲಿ ಜಿಂಕೆಯನ್ನೂ ಕಡವೆಯನ್ನೂ ತಿನ್ನುವ ಹುಲಿ ಇನ್ನೂ ಇದೆ. ಹುಲಿಗಳ ಅಧ್ಯಯನದಲ್ಲೇ ಬದುಕು ಸವೆಸಿದ ಉಲ್ಲಾಸ ಕಾರಂತರು ಕೊಡುವ ಲೆಕ್ಕ ಸರಳವಾಗಿದೆ: ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬಲಿಪ್ರಾಣಿ ಬೇಕು, ಅಷ್ಟನ್ನು ಒದಗಿಸಿಯೂ ಹಿಂಡು ಕರಗದಿರಬೇಕಾದರೆ ಆ ಕಾಡಿನಲ್ಲಿ ಸುಮಾರು 500 ಇರಬೇಕು. ಹುಲಿಗೆ ಗುಂಡು ತಾಗದಿದ್ದರೂ ಅದರ ಊಟ ಖಾಲಿಯಾದರೆ ಹುಲಿ ಉಳಿಯುವುದಿಲ್ಲ. ನಮ್ಮ ಕಾಡಿನಲ್ಲಿ ಹೊಡೆದ ಪ್ರತಿ ಕಡವೆಯೂ ಇನ್ನೊಂದು ಬಾಯಿಂದ ಕಸಿದದ್ದೇ.

ಇಡೀ ಭೂಮಿಯ ಲೆಕ್ಕ ಇನ್ನೂ ದಿಗಿಲು ಹುಟ್ಟಿಸುತ್ತದೆ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಆನೆಯಿಂದ ಇಲಿಯವರೆಗೆ ನೆಲದ ಮೇಲಿನ ಕಾಡು ಸಸ್ತನಿಗಳನ್ನೆಲ್ಲ ತಕ್ಕಡಿಗೆ ಹಾಕಿದರೂ ಅವುಗಳ ತೂಕ 2 ಕೋಟಿ ಟನ್ ಆಸುಪಾಸು. ಮನುಷ್ಯರದು 39 ಕೋಟಿ ಟನ್, ಸಾಕುಪ್ರಾಣಿಗಳದು 63 ಕೋಟಿ ಟನ್. ಜಗತ್ತು ವರ್ಷಕ್ಕೆ ಉತ್ಪಾದಿಸುವ ಮಾಂಸ 35 ಕೋಟಿ ಟನ್ ಮೀರುತ್ತದೆ. ಮೂಳೆ, ಚರ್ಮ, ಕೊಂಬನ್ನೂ ಮಾಂಸವೆಂದೇ ಎಣಿಸಿ ಉಳಿದಿರುವ ಕಾಡುಪ್ರಾಣಿಗಳನ್ನೆಲ್ಲ ಕೊಂದರೂ ಅದು ಮೂರು ವಾರದ ಅಡುಗೆಗೆ ಮುಗಿದುಹೋಗುತ್ತದೆ. ಅಜ್ಜನ ಕಾಲದ ಬೇಟೆಯ ನೆನಪು ಸುಳ್ಳಲ್ಲ. ಆ ಕಾಲದಷ್ಟು ಕಾಡಾಗಲಿ, ಅಷ್ಟು ಕಡಿಮೆ ಜನರಾಗಲಿ ಈಗಿಲ್ಲ, ಅಷ್ಟೆ.

ನಂಬಿಕೆ: ಕೊಡಗಿನಲ್ಲಿ ಬೇಟೆಗೆ ಅನುಮತಿ ಇದೆ

ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ರಿಯಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಬೇಟೆಯ ವಿಷಯದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ದೇಶಕ್ಕೆಲ್ಲ ಒಂದೇ. 1972ರ ಮೂಲ ಕಾಯ್ದೆಯಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಪಡೆಯಲು ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಗದ್ದೆಯ ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಇಂದಿಗೂ ನಡೆಯುತ್ತದೆ. ಆದರೆ ಹಿಂದೆ ಪೂಜೆಯ ನಂತರ ಬೇಟೆಗೆ ಹೊರಡುತ್ತಿದ್ದವರು ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಾಚಂಪುಳಿ ಹಾಕಿ ಮಾಡುವ ಪಂದಿ ಕರಿಗೆ ಸಾಕಿದ ಹಂದಿಯೇ ಸಾಕಾಗಿದೆ. ಒಂದು ಸಂಸ್ಕೃತಿ ತನ್ನ ಗುರಿಕಾರಿಕೆಯನ್ನೂ ರುಚಿಯನ್ನೂ ಬಿಡದೆ ಬೇಟೆಯೊಂದನ್ನು ಕೈಬಿಟ್ಟದ್ದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಂಡಿಲ್ಲ.

ನಂಬಿಕೆ: ಒಂದು ಗುಂಡು, ಒಂದು ಪ್ರಾಣಿ, ಕ್ಷಣದಲ್ಲಿ ಸಾವು

ಒಳ್ಳೆಯ ಗುರಿಕಾರ, ಒಳ್ಳೆಯ ಬೆಳಕು, ಹತ್ತಿರದ ಪ್ರಾಣಿ, ಮೂರೂ ಕೂಡಿದರೆ ಇದು ನಿಜವಾಗಬಹುದು. ನಮ್ಮಲ್ಲಿ ಕದ್ದು ನಡೆಯುವ ಶಿಕಾರಿಯ ರೀತಿ ಬೇರೆ. ತಲೆಗೆ ಲೈಟು ಕಟ್ಟಿಕೊಂಡು ಕತ್ತಲಲ್ಲಿ ಹಾರಿಸಿದ ಗುಂಡು ಕಾಲಿಗೋ ಹೊಟ್ಟೆಗೋ ತಾಗಿ, ಪ್ರಾಣಿ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ. ಅದಕ್ಕಿಂತ ಕ್ರೂರವಾದದ್ದು ಉರುಲು. ಬೈಕಿನ ಕ್ಲಚ್ ವಯರೋ ಬೇಲಿಯ ತಂತಿಯೋ ಸಾಕು, ಹಂದಿ ನಡೆಯುವ ದಾರಿಯಲ್ಲಿ ಕಟ್ಟಿ ಬಂದರೆ ಮುಗಿಯಿತು. ಬಂದದ್ದು ಹಂದಿಯೋ ಚಿರತೆಯೋ ತಂತಿಗೆ ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ ಹೀಗೆ ಸೊಂಟಕ್ಕೆ ತಂತಿ ಬಿಗಿದು ಸತ್ತ ಚಿರತೆಗಳು ಒಂದೆರಡಲ್ಲ. ಸಿಡಿಮದ್ದಿನ ಕಥೆಯೂ ಇದೇ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಹೊಳೆಯೊಳಗೆ ನಿಂತೇ ಸತ್ತ ಗಬ್ಬದ ಆನೆಯ ಬಾಯಿ ಛಿದ್ರವಾದದ್ದು ಸ್ಫೋಟಕ ತುಂಬಿದ ಹಣ್ಣಿನಿಂದ. ಕಾಡುಹಂದಿಗೆಂದು ಜನ ಇಡುವ ಮದ್ದು ಅದು.

ಹಂದಿ ರೈತನ ಬೆಳೆ ಹಾಳುಮಾಡುವುದು ನಿಜ, ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತವರ ಸಂಕಟ ಸಣ್ಣದಲ್ಲ. ಆ ಸಂಕಟಕ್ಕೆ ಕೇರಳ 2022ರಲ್ಲಿ ಒಂದು ದಾರಿ ಹುಡುಕಿತು. ಬೆಳೆಗೆ ಬರುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರ ಪಂಚಾಯಿತಿ ಅಧ್ಯಕ್ಷರ ಕೈಗೆ ಬಂತು. ಆದರೆ ಹೊಡೆದ ಹಂದಿಯನ್ನು ತಿನ್ನುವಂತಿಲ್ಲ, ವಿಲೇವಾರಿ ಮಾಡಬೇಕು. ಆ ಷರತ್ತು ಅನ್ಯಾಯವೆಂದು ಹಲವರಿಗೆ ಅನಿಸುತ್ತದೆ. ನನಗೆ ಅದು ಸರಿಯೆನಿಸುತ್ತದೆ. ಬೆಳೆ ಕಾಯುವ ಕೆಲಸಕ್ಕೆ ಮಾಂಸದ ಆಸೆ ಸೇರಿದರೆ, ಹೊಲಕ್ಕೆ ಬಾರದ ಹಂದಿಯೂ ಹೊಲದಲ್ಲೇ ಸತ್ತಿತೆಂದು ದಾಖಲಾಗುತ್ತದೆ.

ನಂಬಿಕೆ: ಲ್ಯಾಬ್ ಮಾಂಸ ಬರೀ ಕೆಮಿಕಲ್

ಅದು ಪ್ರಾಣಿಯ ಜೀವಕೋಶವೇ. ಬದುಕಿರುವ ಪ್ರಾಣಿಯಿಂದ ಚೂರು ಅಂಗಾಂಶ ತೆಗೆದು, ಸಕ್ಕರೆ, ಅಮೈನೊ ಆಮ್ಲ, ಲವಣಗಳಿರುವ ದ್ರವದಲ್ಲಿ ಮೈಬಿಸಿಯಷ್ಟೇ ಶಾಖ ಕೊಟ್ಟು ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ನಿಲ್ಲದೆ ವಿಭಜನೆಯಾಗುವ ಕೋಶಗಳನ್ನು ತಿಂದರೆ ಕ್ಯಾನ್ಸರ್ ಬರುತ್ತದೆಂಬ ಭಯವೂ ಹರಡಿದೆ. ಬೇಯಿಸಿದಾಗ ಆ ಕೋಶಗಳು ಸಾಯುತ್ತವೆ, ಹೊಟ್ಟೆಯಲ್ಲಿ ಬೇರೆ ಮಾಂಸದಂತೆಯೇ ಕರಗುತ್ತವೆ.

ನಂಬಿಕೆ: ಲ್ಯಾಬ್ ಮಾಂಸದಲ್ಲಿ ಹಿಂಸೆಯೇ ಇಲ್ಲ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಅವರ ತಂಡ 2013ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಬೇಯಿಸಿ ಬಡಿಸಿದ ಮೊದಲ ಲ್ಯಾಬ್ ಬರ್ಗರ್‌ಗೆ ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು. ಅದರ ಕೋಶಗಳನ್ನು ಬೆಳೆಸಿದ್ದು ಭ್ರೂಣದ ಸೀರಮ್ಮಿನಲ್ಲಿ, ಅಂದರೆ ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ತೆಗೆದ ದ್ರವದಲ್ಲಿ. ಅಹಿಂಸೆಯ ಹೆಸರಿನಲ್ಲಿ ಅದನ್ನು ತಿನ್ನಲು ಯಾರ ಮನಸ್ಸು ಒಪ್ಪೀತು? ಈ ಕ್ಷೇತ್ರದವರಿಗೂ ಅದು ಗೊತ್ತಿತ್ತು. ಹುಡುಕಿ ಹುಡುಕಿ ಸೀರಮ್ ಇಲ್ಲದ ದ್ರವಗಳನ್ನು ರೂಪಿಸಿದರು, 2023ರಲ್ಲಿ ಸಿಂಗಪುರ ಅಂಥ ದ್ರವದಲ್ಲಿ ಬೆಳೆಸಿದ ಕೋಳಿಗೆ ಒಪ್ಪಿಗೆ ಕೊಟ್ಟಿತು. ಹಾಗಾಗಿ ಯಾವುದರಲ್ಲಿ ಬೆಳೆಸಿದ್ದು ಎಂದು ಕೇಳದೆ "ಹಿಂಸೆಯಿಲ್ಲ" ಎಂಬ ಮಾತನ್ನು ಒಪ್ಪಬಾರದು. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ, ಇದರಿಂದ ಪ್ರಾಣಿಗಳಿಗಾಗುವ ಲಾಭ ದೊಡ್ಡದೆಂದೇ ನಾನು ನಂಬುತ್ತೇನೆ.

ನಂಬಿಕೆ: ಹಸು ಇಲ್ಲದ ಮೇಲೆ ಮಾಲಿನ್ಯವೂ ಇಲ್ಲ

ಹಸುವಿನ ಮೈ ತನ್ನನ್ನು ತಾನೇ ಬಿಸಿಯಾಗಿಟ್ಟುಕೊಳ್ಳುತ್ತದೆ, ಸೋಂಕಿನ ಜೊತೆ ತಾನೇ ಹೋರಾಡುತ್ತದೆ. ತೊಟ್ಟಿಗೆ ಆ ಎರಡೂ ಶಕ್ತಿಯಿಲ್ಲ. ಒಂದು ಬ್ಯಾಕ್ಟೀರಿಯಾ ಹೊಕ್ಕರೂ ಇಡೀ ತೊಟ್ಟಿ ಹಾಳು. ಅದಕ್ಕೇ ಶಾಖಕ್ಕೂ ಶುದ್ಧತೆಗೂ ಹಗಲೂ ರಾತ್ರಿ ಕರೆಂಟು ಬೇಕು. ಹಸು ಬಿಡುವ ಮೀಥೇನ್ ಬಿಸಿಯನ್ನು ತೀವ್ರವಾಗಿ ಏರಿಸಿದರೂ ಹತ್ತು ಹನ್ನೆರಡು ವರ್ಷಗಳಲ್ಲಿ ಬಹುಪಾಲು ಕರಗುತ್ತದೆ, ಕಲ್ಲಿದ್ದಲಿನ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಆಕ್ಸ್‌ಫರ್ಡ್‌ನ ವಿಜ್ಞಾನಿಗಳು 2019ರಲ್ಲಿ ಈ ವ್ಯತ್ಯಾಸವನ್ನು ಲೆಕ್ಕಹಾಕಿ, ಕೊಳಕು ವಿದ್ಯುತ್ತಿನಿಂದ ಬೆಳೆಸಿದ ಮಾಂಸ ದೀರ್ಘಕಾಲದಲ್ಲಿ ದನದ ಮಾಂಸಕ್ಕಿಂತಲೂ ಹೆಚ್ಚು ಬಿಸಿ ತರಬಹುದೆಂದು ತೋರಿಸಿದರು. ಅದೇ ತೊಟ್ಟಿ ರಾಯಚೂರಿನ ಕಲ್ಲಿದ್ದಲಿನಿಂದ ಓಡಿದರೆ ಒಂದು ಫಲ, ಪಾವಗಡದ ಬಿಸಿಲಿನಿಂದ ಓಡಿದರೆ ಇನ್ನೊಂದು. ಹಸಿರು ಕರೆಂಟು ಸಿಕ್ಕಿದರೆ ಅದು ದನದ ಮಾಂಸವನ್ನು ಸುಲಭವಾಗಿ ಸೋಲಿಸುತ್ತದೆ, ಆದರೆ ಕೋಳಿಯೊಂದಿಗೆ ಹೆಚ್ಚುಕಡಿಮೆ ಸಮಸಮ. ನೆಲದ ವಿಷಯದಲ್ಲಿ ಮಾತ್ರ ಗೆಲುವು ಸ್ಪಷ್ಟ: ಮೇವಿಗೆಂದು ಕಾಡು ಕಡಿಯುವ ಅಗತ್ಯ ಬಹಳಷ್ಟು ತಪ್ಪುತ್ತದೆ.

ನಂಬಿಕೆ: ಇನ್ನೇನು ಬಂದೇಬಿಟ್ಟಿತು

ಲ್ಯಾಬ್ ಮಾಂಸದ ಮೊದಲ ಮಾರಾಟಕ್ಕೆ ಸಿಂಗಪುರ 2020ರಲ್ಲಿ, ಅಮೆರಿಕ 2023ರಲ್ಲಿ ಒಪ್ಪಿದವು. ಇಟಲಿಯೂ ಅಮೆರಿಕದ್ದೇ ಆದ ಫ್ಲಾರಿಡಾ ರಾಜ್ಯವೂ ನಿಷೇಧಿಸಿದವು. 2024ರಲ್ಲಿ ಸಿಂಗಪುರದ ಅಂಗಡಿಯ ಫ್ರೀಜರಿಗೆ ಬಂದ ಕೋಳಿಯಲ್ಲಿ ಲ್ಯಾಬ್ ಕೋಶ ಇದ್ದದ್ದು ಶೇಕಡಾ 3 ಮಾತ್ರ, ಉಳಿದದ್ದು ಹೆಚ್ಚಾಗಿ ಸಸ್ಯದ ಪ್ರೋಟೀನು.

ನಂಬಿಕೆ: ನಾವು ಬೇಟೆ ಬಿಟ್ಟಾಯಿತು

ಕರಾವಳಿಯವರು ಒಮ್ಮೆ ಯೋಚಿಸಬೇಕು. ಮಲ್ಪೆಯ ದಕ್ಕೆಯಲ್ಲಿ ಬುಟ್ಟಿಗೆ ಬೀಳುವ ಬಂಗುಡೆ, ಬೂತಾಯಿ, ಅಂಜಲ್ ಯಾರೂ ಸಾಕಿದ್ದಲ್ಲ. ಕಡವೆಯನ್ನು ಮಾರುವುದು ಅಪರಾಧ, ಆದರೆ ಬೇಟೆಯ ಮಾಂಸ ಬಹಿರಂಗವಾಗಿ, ಟನ್ನುಗಟ್ಟಲೆ ಹರಾಜಾಗುವ ಒಂದು ಜಾಗ ಇನ್ನೂ ಉಳಿದಿದೆ, ಅದು ಸಮುದ್ರತೀರ. ಕಾಡಿನ ಪ್ರಶ್ನೆಗಳೆಲ್ಲ ಅಲ್ಲೂ ಇವೆ: ಮರಿಮೀನನ್ನೂ ಬಿಡದ ಬಲೆ, ರಾತ್ರಿ ಲೈಟು ಹಾಕಿ ಮೀನು ಸೆಳೆಯುವ ದೋಣಿಗಳು, ಅದರ ವಿರುದ್ಧ ದನಿಯೆತ್ತುವ ನಾಡದೋಣಿಯವರು. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರಲ್ಲಿ ಲ್ಯಾಬ್ ಮಾಂಸದ ಕೆಲಸಕ್ಕೆ ಕೈಹಾಕಿದಾಗ ಅದು ಆರಿಸಿಕೊಂಡದ್ದು ಕೋಳಿಯನ್ನಲ್ಲ, ಕುರಿಯನ್ನಲ್ಲ. ಅಂಜಲ್ ಮತ್ತು ಮಾಂಜಿಯಂಥ ಬೆಲೆಬಾಳುವ ಮೀನುಗಳನ್ನು. ಆ ತೊಟ್ಟಿಯ ಅಂಜಲ್ ಮಾರುಕಟ್ಟೆಗೆ ಬರುವವರೆಗೆ ಸಮುದ್ರದ ಅಂಜಲ್‌ಗೆ ಕಾನೂನು ಕೊಟ್ಟಿರುವ ಬಿಡುವು ಜೂನ್ 1ರಿಂದ ಜುಲೈ 31ರವರೆಗಿನ 61 ದಿನ.