ಹೂಕೋಸಿನ ಎಲೆಗೂ ಬೆಲೆಯಿದೆ

ಹೈದರಾಬಾದಿನ ಮೆಹದಿಪಟ್ಟಣಂ ರೈತು ಬಜಾರಿನಲ್ಲಿ ಗ್ರಾಹಕರು ಹೂಕೋಸು ಕೊಂಡು ಹೋದರೆ ಅದರ ಎಲೆ, ದಂಟು ಅಲ್ಲೇ ಉಳಿಯುತ್ತವೆ. ಬಾಡಿದ ಸೊಪ್ಪು, ಒಡೆದ ಟೊಮೆಟೊ ಸೇರಿ ಅದೇ ರಾಶಿಯಾಗುತ್ತದೆ. ಇಂಥ ಕಸ ಊರಾಚೆಯ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಅದೇ ಅನಿಲವನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಇಂಧನ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಮಣ್ಣಿನಿಂದ ಬಂದದ್ದನ್ನು ಮಣ್ಣಿಗೇ ಮರಳಿಸುವ ಈ ಕ್ರಮವನ್ನು ಇಂದು ವೃತ್ತಾಕಾರದ ಆರ್ಥಿಕತೆ ಎನ್ನುತ್ತಾರೆ. ತಿಪ್ಪೆಗುಂಡಿ ಬಲ್ಲ ರೈತನಿಗೆ ಇದು ಹೊಸದಲ್ಲ. ಊರು ಬೆಳೆದಂತೆ ಹೊಲಕ್ಕೂ ತಿಪ್ಪೆಗೂ ನಡುವಿನ ಕೊಂಡಿ ಕಳಚಿದೆ, ಅಷ್ಟೆ.

ಆ ಕೊಂಡಿಯನ್ನು ಮತ್ತೆ ಬೆಸೆದ ಉದಾಹರಣೆ ಇದೇ ನಗರದ ಬೋಯಿನಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿದೆ. ಅಲ್ಲಿ ದಿನಕ್ಕೆ ಸುಮಾರು 10 ಟನ್ ತರಕಾರಿ ಕಸದಿಂದ 500 ಯೂನಿಟ್‌ನಷ್ಟು ವಿದ್ಯುತ್, 30 ಕಿಲೋದಷ್ಟು ಜೈವಿಕ ಇಂಧನ ಸಿಗುತ್ತಿರುವುದನ್ನು ಪ್ರಧಾನಿ 2021ರ ಜನವರಿಯ 'ಮನ್ ಕಿ ಬಾತ್'ನಲ್ಲಿ ಹೇಳಿದರು. ತಂತ್ರಜ್ಞಾನ ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯದು. ಹಣದ ನೆರವು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು. ಘಟಕ ಕಟ್ಟಿದ್ದು ಖಾಸಗಿ ಕಂಪನಿ. ಇವರಲ್ಲಿ ಯಾರೊಬ್ಬರೂ ತಾವೊಬ್ಬರೇ ಇದನ್ನು ಮಾಡಿ ಮುಗಿಸಲಾರರು.

10 ಟನ್ನಿಗೆ 500 ಯೂನಿಟ್ ಎಂದರೆ ಖರ್ಚೇ ಹುಟ್ಟುವುದಿಲ್ಲ ಎನ್ನುವವರಿದ್ದಾರೆ. ವಿದ್ಯುತ್ತೊಂದನ್ನೇ ಎಣಿಸಿದರೆ ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಉಳಿತಾಯವಾದ ಲಾರಿ ಬಾಡಿಗೆ, ಗುಡ್ಡೆಗೆ ಬೇಕಾಗದ ನೆಲ, ತಪ್ಪಿದ ಮೀಥೇನ್, ಇವು ಊರಿಗೆ ಆಗುವ ಲಾಭ. ಇದು ಕಂಪನಿಯ ಲೆಕ್ಕಪುಸ್ತಕಕ್ಕೆ ತಾನಾಗಿ ಬರುವುದಿಲ್ಲ. ತರುವುದು ಸರ್ಕಾರದ ನೀತಿಯ ಕೆಲಸ. ಹಾಗಿದ್ದರೆ ಖಾಸಗಿಯವರಿಗೆ ಸಾರ್ವಜನಿಕ ಹಣ ಸುರಿದಂತಾಗದೆ? ಸಾಗಿಸಿದ ಟನ್ನಿಗೆ ಹಣ ಕೊಟ್ಟರೆ ಖಂಡಿತ ಆಗುತ್ತದೆ, ಕಸ ಹೆಚ್ಚಿದಷ್ಟೂ ಗುತ್ತಿಗೆದಾರನಿಗೆ ಲಾಭ. ಹೊರಬಂದ ಅನಿಲಕ್ಕೆ, ಮಾರಾಟವಾದ ಗೊಬ್ಬರಕ್ಕೆ ಹಣ ಕೊಟ್ಟರೆ ಸಂಪನ್ಮೂಲ ಉಳಿಸುವುದೇ ಲಾಭವಾಗುತ್ತದೆ.

ಇಷ್ಟಕ್ಕೂ ಎಲ್ಲವೂ ನಿಂತಿರುವುದು ವಿಂಗಡಣೆಯ ಮೇಲೆ. ಸೊಪ್ಪಿನ ಕಟ್ಟಿಗೆ ಬಿಗಿದ ಪ್ಲಾಸ್ಟಿಕ್ ದಾರ ಕಸ ಕತ್ತರಿಸುವ ಯಂತ್ರದ ಅಲುಗಿಗೆ ಸುತ್ತಿಕೊಂಡರೆ ಕೆಲಸ ನಿಲ್ಲುತ್ತದೆ. ದಿನಕ್ಕೆ 100 ಕಿಲೋ ಮೀರಿ ಕಸ ಹೊರಹಾಕುವವರನ್ನು ಬೇರೆಯಾಗಿ ಗುರುತಿಸಿ 2016ರ ಘನತ್ಯಾಜ್ಯ ನಿಯಮಗಳು ಅವರಿಗೆ ಹೊಣೆ ಹೊರಿಸಿದವು. ಆ ಹೊಣೆ ಅಂಗಡಿಯ ಕಟ್ಟೆಯವರೆಗೆ ಇಳಿಯಬೇಕು: ವ್ಯಾಪಾರಿಗೆ ಬಾಳೆನಾರು, ಬೇರೆ ಬುಟ್ಟಿ, ದಿನವೂ ತಪ್ಪದೆ ಬರುವ ಗಾಡಿ. ಸಣ್ಣ ಬಜಾರಿನಲ್ಲಿ ಘಟಕಕ್ಕೆ ಜಾಗವಿಲ್ಲದಿದ್ದರೆ ನಾಲ್ಕು ಬಜಾರುಗಳಿಗೆ ಒಂದು ಸಾಕು. 1999ರಲ್ಲಿ ರೈತು ಬಜಾರುಗಳು ಶುರುವಾದಾಗ ಸರ್ಕಾರ ಜಾಗ, ನಿಯಮ ಕೊಟ್ಟಿತು. ವ್ಯಾಪಾರವನ್ನು ರೈತರು ನಡೆಸಿದರು. ಹೂಕೋಸು ಮಾರಲು ಒದಗಿದ ಆ ಹೊಂದಾಣಿಕೆ ಅದರ ಎಲೆಗೂ ಒದಗಲಿ.