ನಿತ್ಯದ ಊಟವೂ ಸಕ್ಕರೆಯ ಲೆಕ್ಕವೂ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟ ಬಲ್ಲವನೆಂದರೆ ಯಾರು ಎಂದು ಯೋಚಿಸುವವರು ವಿರಳ. ರುಚಿಯನ್ನು ಅರಿತವನೇ ಊಟ ಬಲ್ಲವನೆಂದು ಅನೇಕರ ಎಣಿಕೆ. ಅದು ಸರಿಯಲ್ಲ. ತಿಂದ ಪದಾರ್ಥವು ಒಡಲೊಳಗೆ ಹೋಗಿ ಏನಾಗುತ್ತದೆ, ಎಷ್ಟು ತಿಂದರೆ ಬಲ, ಎಷ್ಟನ್ನು ಮೀರಿದರೆ ಭಾರ, ಎಂಬುದನ್ನು ತಿಳಿದು ಅದರಂತೆ ನಡೆಯುವವನೇ ಊಟ ಬಲ್ಲವನು. ಈ ತಿಳಿವಳಿಕೆಗೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಮನೆಯ ಯಜಮಾನನ ಕೈಯಲ್ಲಿರುವ ತಿಂಗಳ ದಿನಸಿಯ ಚೀಟಿ, ಗೃಹಿಣಿಯ ಕೈಯಲ್ಲಿರುವ ಚಮಚ, ಇವೆರಡನ್ನು ಸ್ವಲ್ಪ ಲಕ್ಷ್ಯವಿಟ್ಟು ನೋಡಿದರೆ ಸಾಕು.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ಮುಡಬಿಯ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜೋಳ, ತೊಗರಿ, ಕಡಲೆ, ಹೆಸರು, ಉದ್ದು ಇವು ಈ ಭಾಗದ ಬಹುಕಾಲದ ಬೆಳೆಗಳು. ನೀರಿನ ಆಸರೆಯಿದ್ದಲ್ಲಿ ಕಬ್ಬು ಬಂದಿತು. ನೆರೆಯ ಹುಮನಾಬಾದ ತಾಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ತತ್ವದ ಮೇಲೆ ಸಕ್ಕರೆ ಕಾರ್ಖಾನೆಯೂ ಸ್ಥಾಪಿತವಾಯಿತು. ಹೀಗೆ ರೊಟ್ಟಿಯ ಹೊಲವೂ ಸಿಹಿಯ ಹೊಲವೂ ಒಂದರ ಪಕ್ಕದಲ್ಲಿ ಒಂದಿರುವ ನಾಡಿದು. ಇಲ್ಲಿಯ ಹಳೆಯ ಊಟವೆಂದರೆ ಜೋಳದ ರೊಟ್ಟಿ, ತೊಗರಿಬೇಳೆ ಇಲ್ಲವೆ ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಸಿಹಿಯೆಂಬುದು ಹಬ್ಬಕ್ಕೆ, ಹರಕೆಗೆ, ಬೀಗರು ಬಂದಾಗ ಮಾತ್ರ. ಈಗಲೋ, ಬೆಳಗಾದೊಡನೆ ಚಹಾ, ಚಹಾದೊಡನೆ ಬಿಸ್ಕೀಟು. ಮಧ್ಯಾಹ್ನ ರೊಟ್ಟಿಗಿಂತ ಅನ್ನವೇ ಹೆಚ್ಚು. ಸಂಜೆ ಮತ್ತೆ ಚಹಾ. ಯಾರಾದರೂ ಬಂದರೆ ಅವರೊಡನೆ ಇನ್ನೊಂದು ಕಪ್ಪು. ಹಬ್ಬದ ಸಿಹಿಯು ನಿತ್ಯದ ಸಿಹಿಯಾಯಿತು. ನಿತ್ಯದ್ದಾದುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳದಂತಾಯಿತು.

ನಾವು ತಿನ್ನುವ ರೊಟ್ಟಿಯಲ್ಲಾಗಲಿ ಅನ್ನದಲ್ಲಾಗಲಿ ಬಹುಪಾಲು ಪಿಷ್ಟವೇ ಇರುತ್ತದೆ. ಅದು ಹೊಟ್ಟೆಯಲ್ಲಿ ಪಚನವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಆಗ ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಮನೆಬಾಗಿಲಿಗೆ ಬಂದ ಧಾನ್ಯವನ್ನು ಕೀಲಿ ತೆಗೆದು ಒಳಗಿರಿಸುವ ಮನೆಯೊಡತಿಯಂತೆ ಈ ರಸವು ರಕ್ತದಲ್ಲಿಯ ಸಕ್ಕರೆಯನ್ನು ಅಂಗಾಂಗಗಳೊಳಗೆ ಸೇರಿಸುತ್ತದೆ. ನಾರು, ಬೇಳೆಯ ಸಸಾರಜನಕ, ಸ್ವಲ್ಪ ಎಣ್ಣೆ ಇವು ಊಟದಲ್ಲಿ ಕೂಡಿದ್ದರೆ ಸಕ್ಕರೆಯು ಮೆಲ್ಲಮೆಲ್ಲನೆ ಬರುತ್ತದೆ; ಕೆಲಸವೂ ನಿಧಾನವಾಗಿ ಸಾಗುತ್ತದೆ. ಬರಿಯ ಸಕ್ಕರೆ ಬೆರೆಸಿದ ಪಾನೀಯವನ್ನು ಕುಡಿದರೆ ಒಮ್ಮೆಲೇ ಪ್ರವಾಹ ಬಂದಂತಾಗುತ್ತದೆ. ದಿನವೂ ಅಗತ್ಯಕ್ಕಿಂತ ಹೆಚ್ಚು ತಿಂದು, ಮೈಗೆ ಕೆಲಸ ಕೊಡದೆ, ಹೊಟ್ಟೆಯ ಸುತ್ತ ಮೇದಸ್ಸು ಬೆಳೆದರೆ, ಕಾಲಕ್ರಮದಲ್ಲಿ ಅಂಗಗಳು ಇನ್ಸುಲಿನ್ನಿನ ಮಾತನ್ನು ಕೇಳುವುದಿಲ್ಲ. ಗ್ರಂಥಿಯು ದಣಿಯುತ್ತದೆ, ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಇದೇ ಸಾಮಾನ್ಯವಾಗಿ ಕಾಣುವ ಮಧುಮೇಹ.

ಸಕ್ಕರೆ ತಿಂದುದರಿಂದ ಮಾತ್ರವೇ ಈ ರೋಗ ಬರುತ್ತದೆಂದರೆ ಅದು ಅರ್ಧಸತ್ಯವಾದೀತು. ವಂಶದ ಗುಣ, ತೂಕ, ಕುಳಿತು ಮಾಡುವ ಕೆಲಸ, ಒಟ್ಟು ಆಹಾರದ ಪ್ರಮಾಣ ಇವೆಲ್ಲವೂ ಸೇರುತ್ತವೆ. ಎಳೆಯ ಮಕ್ಕಳಲ್ಲಿ ಒಮ್ಮೆಲೇ ಕಾಣಿಸಿಕೊಂಡು, ಮೊದಲಿನಿಂದಲೇ ಇನ್ಸುಲಿನ್ ಬೇಡುವ ಮಧುಮೇಹವಂತೂ ಸಿಹಿ ತಿಂದುದರ ಫಲವೇ ಅಲ್ಲ. ಅಂತಹ ಮಗುವಿನ ತಾಯಿಯನ್ನು ಯಾರೂ ದೂರಬಾರದು. ಆದರೆ ನಮ್ಮ ಕೈಯಲ್ಲಿಲ್ಲದ ಕಾರಣಗಳಿಗಾಗಿ ಕೈಯಲ್ಲಿರುವ ಕಾರಣವನ್ನು ಬಿಡುವುದು ಜಾಣತನವಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗಿಂತ ಹೆಚ್ಚು ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರು ಹಿಂದಕ್ಕೆ ಬರಬಹುದು. ಅದೇ ಸಮಾಧಾನದ ಮಾತು.

ಹಾಗಾದರೆ ಎಷ್ಟು ಸಕ್ಕರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಇದಕ್ಕೊಂದು ಮಿತಿಯನ್ನು ಹೇಳಿತು. ನಾವು ಬೆರೆಸಿಕೊಳ್ಳುವ ಸಕ್ಕರೆ, ಬೆಲ್ಲ, ಜೇನುತುಪ್ಪ, ಹಣ್ಣಿನ ರಸದೊಳಗಿನ ಸಕ್ಕರೆ ಇವೆಲ್ಲ ಸೇರಿ ದಿನದ ಆಹಾರಶಕ್ತಿಯ ನೂರರಲ್ಲಿ 10 ಪಾಲಿಗಿಂತ ಕಡಿಮೆಯಿರಬೇಕು. 5 ಪಾಲಿಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಈ ಎರಡನೆಯ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ ಆಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರಸೂಚಿಯೂ 20 ರಿಂದ 25 ಗ್ರಾಂ ಎಂಬ ಮಿತಿಯನ್ನೇ ಸೂಚಿಸುತ್ತದೆ. ಇದು ಗುರಿಯಲ್ಲ, ದಾಟಬಾರದ ಗೆರೆ ಎಂಬುದನ್ನು ವಾಚಕರು ಮರೆಯಬಾರದು.

ಈಗ ಚಹಾದ ಲೆಕ್ಕವನ್ನು ನೋಡಿರಿ. ಒಂದು ಚಹಾ ಚಮಚ ಸಕ್ಕರೆಯನ್ನು 5 ಗ್ರಾಂ ಎಂದು ಹಿಡಿಯೋಣ. ಕಪ್ಪಿಗೆ 2 ಚಮಚದಂತೆ ದಿನಕ್ಕೆ 4 ಕಪ್ಪು ಕುಡಿದರೆ 40 ಗ್ರಾಂ. ಮಿತಿಯು ಚಹಾದಲ್ಲಿಯೇ ದಾಟಿಹೋಯಿತು; ಬಿಸ್ಕೀಟು, ಶಿರಾ, ಮಿಠಾಯಿಗಳ ಸರದಿ ಇನ್ನೂ ಬಂದಿಲ್ಲ. ಈ 40 ಗ್ರಾಂ ತಿಂಗಳಿಗೆ 1200 ಗ್ರಾಂ. ವರ್ಷಕ್ಕೆ ಹದಿನಾಲ್ಕೂವರೆ ಕಿಲೋ! ಯಾರಾದರೂ ಇಷ್ಟು ಸಕ್ಕರೆಯನ್ನು ಒಂದು ಚೀಲದಲ್ಲಿ ತುಂಬಿ ಎದುರಿಗಿಟ್ಟು 'ಇದು ನಿಮ್ಮೊಬ್ಬರದೇ ಪಾಲು' ಎಂದರೆ ನಾವು ಬೆಚ್ಚಿ ಬೀಳುತ್ತೇವೆ. ಚಮಚ ಚಮಚವಾಗಿ ಬಂದಾಗ ಬೆಚ್ಚುವುದಿಲ್ಲ.

ಆದುದರಿಂದ ಮನೆಯ ಲೆಕ್ಕವನ್ನು ಚಮಚದಿಂದಲ್ಲ, ದಿನಸಿಯ ಚೀಟಿಯಿಂದ ಹಿಡಿಯುವುದು ಸುಲಭ. ಐವರು ದೊಡ್ಡವರಿರುವ ಮನೆಗೆ ತಲೆಗೆ 25 ಗ್ರಾಮಿನಂತೆ 30 ದಿನಗಳಿಗೆ 3750 ಗ್ರಾಂ ಆಗುತ್ತದೆ. ಎಂದರೆ ಸಕ್ಕರೆ, ಬೆಲ್ಲ ಎರಡೂ ಸೇರಿ ಮೂರು ಮುಕ್ಕಾಲು ಕಿಲೋ. ಮಕ್ಕಳ ಪಾಲು ಇನ್ನೂ ಕಡಿಮೆ. ಹೊರಗಿನಿಂದ ತಿಂದು ಬರುವ ಸಿಹಿಯೂ ಇದರಲ್ಲಿಯೇ ಸೇರಬೇಕಾದುದರಿಂದ, ಅಂಗಡಿಯಿಂದ 3 ಕಿಲೋ ತರುವುದೇ ಲೇಸು. ನಿಮ್ಮ ಮನೆಯ ಚೀಟಿಯಲ್ಲಿ ಎಷ್ಟಿದೆ ಎಂದು ಇಂದೇ ನೋಡಬಹುದು. ಹೆಚ್ಚಿದ್ದರೆ ಒಮ್ಮೆಲೇ ಕಡಿಯಬೇಕಾಗಿಲ್ಲ. ತಿಂಗಳಿಗೆ ಅರ್ಧ ಕಿಲೋದಂತೆ ಇಳಿಸುತ್ತ ಬಂದರೆ ನಾಲಗೆಯೂ ಹೊಂದಿಕೊಳ್ಳುತ್ತದೆ, ಮನೆಯಲ್ಲಿ ಮುನಿಸೂ ಹುಟ್ಟುವುದಿಲ್ಲ.

ಇಲ್ಲಿ ಬೆಲ್ಲದ ವಿಷಯವಾಗಿ ಒಂದು ಮಾತು. 'ಸಕ್ಕರೆಯನ್ನು ಬಿಟ್ಟಿದ್ದೇವೆ, ಬೆಲ್ಲದ ಚಹಾ ಕುಡಿಯುತ್ತೇವೆ, ಇನ್ನೇನು ಭಯ?' ಎಂದು ಹೇಳುವವರನ್ನು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಲವಣಗಳು ಸ್ವಲ್ಪ ಉಳಿದಿರುತ್ತವೆಂಬುದು ನಿಜ. ಆದರೆ 100 ಗ್ರಾಂ ಬೆಲ್ಲದಲ್ಲಿ 80 ಗ್ರಾಮಿಗೂ ಮೇಲ್ಪಟ್ಟು ಸಕ್ಕರೆಯೇ ಇರುತ್ತದೆ. ರಕ್ತಕ್ಕೆ ಅದರ ಬಣ್ಣ ತಿಳಿಯದು. ಇದು ಹೊಸಬರ ಮಾತೂ ಅಲ್ಲ. ನಮ್ಮ ಚರಕಸಂಹಿತೆಯು ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ ಇವುಗಳೊಡನೆ ಬೆಲ್ಲದಿಂದಾದ ಪದಾರ್ಥಗಳನ್ನೂ ಸ್ಪಷ್ಟವಾಗಿ ಎಣಿಸಿದೆ. ಬೆಲ್ಲವನ್ನು ಪ್ರೀತಿಯಿಂದ ತಿನ್ನಬಹುದು, ಔಷಧವೆಂದು ತಿನ್ನಬಾರದು.

ಸಿಹಿಯನ್ನು ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ತಟ್ಟೆಯನ್ನೂ ನೋಡಬೇಕು. ಜೋಳದ 100 ಗ್ರಾಮಿನಲ್ಲಿ ನಾರು ಸುಮಾರು 10 ಗ್ರಾಂ. ತೌಡು ತೆಗೆದ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ತೊಗರಿಬೇಳೆಯ 100 ಗ್ರಾಮಿನಲ್ಲಿ ಸಸಾರಜನಕವು 20 ಗ್ರಾಮಿಗಿಂತ ಹೆಚ್ಚು. ಹೀಗಿರುವಾಗ ರೊಟ್ಟಿ, ಬೇಳೆ, ಸೊಪ್ಪು ಸೇರಿದ ನಮ್ಮ ಹಳೆಯ ತಟ್ಟೆಯು ಬಡವರ ತಟ್ಟೆಯೆಂದು ನಾಚುವುದೇಕೆ? ಆದರೂ ಜೋಳವೆಂದು ಲೆಕ್ಕವಿಲ್ಲದೆ ತಿನ್ನಲಾಗದು. ಅದರಲ್ಲಿಯೂ ಪಿಷ್ಟವೇ ಬಹುಪಾಲು. ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ಒಪ್ಪುವ ರೊಟ್ಟಿಯ ಎಣಿಕೆ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವವನಿಗೆ ಒಪ್ಪುವುದಿಲ್ಲ. ಒಂದು ರೊಟ್ಟಿ ಕಡಿಮೆ ಮಾಡಿ ಪಲ್ಯವನ್ನು ಎರಡು ಪಾಲು ಮಾಡಿಕೊಳ್ಳುವುದು, ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದಾಡುವುದು, ಹಣ್ಣನ್ನು ರಸ ಹಿಂಡದೆ ಹಾಗೆಯೇ ತಿನ್ನುವುದು, ಇವು ಖರ್ಚಿಲ್ಲದ ಪಥ್ಯಗಳು.

ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅಂಗಡಿಯಲ್ಲಿ ಮಾರುವ ಬಣ್ಣದ ಪಾನೀಯದ 250 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ 25 ಗ್ರಾಂ ಸಕ್ಕರೆಯಿರುತ್ತದೆ. ದೊಡ್ಡವರ ಇಡೀ ದಿನದ ಪಾಲು ಮಗುವಿನ ಒಂದೇ ಗುಟುಕಿನಾಟದಲ್ಲಿ ಮುಗಿಯಿತು. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಈ ಸಕ್ಕರೆಯಿಂದ ಆಮ್ಲವನ್ನು ಹುಟ್ಟಿಸಿ ಹಲ್ಲನ್ನು ಕೊರೆಯುತ್ತವೆ. ಎಳೆವಯಸ್ಸಿನ ಆಹಾರವು ಮುಂದಿನ ಆಯುಷ್ಯವನ್ನೆಲ್ಲ ಹೇಗೆ ಹಿಂಬಾಲಿಸುತ್ತದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ನಿದರ್ಶನ ದೊರೆತಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಆ ದೇಶದಲ್ಲಿ ಸಕ್ಕರೆಗೆ ಪಡಿತರ ಬಂದಿತು. 1953ರಲ್ಲಿ ಅದು ತೆರವಾದೊಡನೆ ಜನರು ತಿನ್ನುವ ಸಕ್ಕರೆಯು ಹೆಚ್ಚುಕಡಿಮೆ ಇಮ್ಮಡಿಯಾಯಿತು. ತಾಯ ಗರ್ಭದಲ್ಲಿಯೂ ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿಯೂ ಪಡಿತರದ ಮಿತಿಯಲ್ಲಿ ಬೆಳೆದವರನ್ನು, ಅನಂತರ ಹುಟ್ಟಿದವರೊಡನೆ ಹೋಲಿಸಿ 2024ರಲ್ಲಿ ವಿದ್ವಾಂಸರು ಪ್ರಕಟಿಸಿದ ಫಲಿತಾಂಶದಂತೆ, ಮೊದಲಿನವರಿಗೆ ಮಧುಮೇಹದ ಸಂಭವವು ನೂರಕ್ಕೆ ಸುಮಾರು 35 ರಷ್ಟೂ ರಕ್ತದೊತ್ತಡದ ಸಂಭವವು ಸುಮಾರು 20 ರಷ್ಟೂ ಕಡಿಮೆಯಾಗಿತ್ತು. ಆ ತಾಯಂದಿರು ಸಕ್ಕರೆಯನ್ನು ಇಚ್ಛೆಯಿಂದ ಬಿಟ್ಟವರಲ್ಲ. ಸರಕಾರದ ಚೀಟಿಯು ಬಿಡಿಸಿತು. ನಮ್ಮ ಮನೆಯ ಚೀಟಿಯನ್ನು ಬರೆಯುವವರು ನಾವೇ.

ಇಷ್ಟೆಲ್ಲ ಹೇಳಿದುದರಿಂದ ಹಬ್ಬಗಳನ್ನು ಸಪ್ಪಗೆ ಮಾಡಬೇಕೆಂದು ಯಾರೂ ತಿಳಿಯಬಾರದು. ಬೀದರ ಸೀಮೆಯ ಎಳ್ಳಮಾವಾಸ್ಯೆಯನ್ನು ನೆನೆಯಿರಿ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ, ಹಲವು ಕಾಳು ಕಾಯಿಪಲ್ಯಗಳ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿ ಇವುಗಳನ್ನು ಬಂದವರಿಗೆಲ್ಲ ಬಡಿಸಿ ಉಣ್ಣುವ ದಿನವದು. ಆ ಊಟದಲ್ಲಿ ನಾರಿದೆ, ಕಾಳಿದೆ, ಸೊಪ್ಪಿದೆ, ನಡಿಗೆಯಿದೆ, ಹತ್ತು ಜನರ ಸಂತೋಷವಿದೆ. ಅಂದು ಒಂದು ಹೋಳಿಗೆಯನ್ನು ತಿಂದುದರಿಂದ ನಿರೋಗಿಯಾದವನು ಕೆಡುವುದಿಲ್ಲ. ಕೆಡಿಸುವುದು ವರ್ಷದ ಉಳಿದ ದಿನಗಳಲ್ಲಿ ಯಾರೂ ಎಣಿಸದೆ ಕುಡಿದ ಚಹಾದ ಸಕ್ಕರೆ.

ಈ ಉದಾಸೀನದ ಬೆಲೆ ಏನೆಂಬುದನ್ನೂ ಹೇಳಲೇಬೇಕು. ಬಹುಕಾಲ ಹತೋಟಿಯಿಲ್ಲದ ಮಧುಮೇಹವು ಕಣ್ಣಿನ ನರವನ್ನು, ಮೂತ್ರಪಿಂಡವನ್ನು, ಹೃದಯವನ್ನು ಸದ್ದಿಲ್ಲದೆ ಕೆಡಿಸುತ್ತದೆ. ಪಾದದ ಸ್ಪರ್ಶಜ್ಞಾನವನ್ನು ಕಳೆಯುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋದ ರೈತನಿಗೆ ಜೋಳದ ಕೂಳೆ ಚುಚ್ಚಿದರೂ ತಿಳಿಯುವುದಿಲ್ಲ. ನೋವಿಲ್ಲವೆಂದು ಗಾಯವನ್ನು ನೋಡುವುದಿಲ್ಲ, ನೋಡಿದಾಗ ಕೀವಾಗಿರುತ್ತದೆ, ಕೆಲವೊಮ್ಮೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ. ದುಡಿಯುವವನ ಕಾಲು ಹೋದರೆ ಮನೆಯ ಅನ್ನಕ್ಕೇ ಕುತ್ತು. ಈ ರೋಗವಿದ್ದವರು ಕಾಲಿಗೆ ಮೆಟ್ಟಿಲ್ಲದೆ ಹೊರಡಬಾರದು. ರಾತ್ರಿ ಮಲಗುವ ಮುನ್ನ ಪಾದಗಳನ್ನು ತೊಳೆದು, ಅಡಿಭಾಗವನ್ನು ಮನೆಯವರಿಂದಾದರೂ ನೋಡಿಸಿಕೊಳ್ಳಬೇಕು.

ಮೂವತ್ತು ವರ್ಷ ದಾಟಿದವರೆಲ್ಲರೂ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ವಿಹಿತ. ಬರಿಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಕಂಡು, ಪುನಃ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಅದು ಮಧುಮೇಹ. ಈಗಾಗಲೇ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಈ ಲೇಖನವನ್ನು ಓದಿ ತಾವಾಗಿಯೇ ಉಪವಾಸ ಹಿಡಿಯಬಾರದು, ಔಷಧವನ್ನೂ ಬಿಡಬಾರದು. ವೈದ್ಯರನ್ನು ಕೇಳಿಯೇ ಬದಲಿಸಬೇಕು. ಅಂತಹವರಿಗೆ ಒಮ್ಮೆಲೇ ಬೆವರು, ನಡುಕ, ತಲೆಸುತ್ತು ಬಂದರೆ ರಕ್ತದ ಸಕ್ಕರೆ ಕುಸಿದಿರಬಹುದು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿದ್ದವನಿಗೆ ಆ ಗಳಿಗೆಯಲ್ಲಿ ಸಕ್ಕರೆಯೇ ಸಂಜೀವಿನಿ. ಪದಾರ್ಥದಲ್ಲಿ ದೋಷವಿಲ್ಲ, ಪ್ರಮಾಣದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂದಿನ ತಿಂಗಳ ದಿನಸಿಯ ಚೀಟಿ ಬರೆಯುವಾಗ ಯಜಮಾನನೂ ಗೃಹಿಣಿಯೂ ಕೂಡಿ ಕುಳಿತು ಸಕ್ಕರೆಯ ಸಾಲಿನಲ್ಲಿ ಅರ್ಧ ಕಿಲೋ ಕಡಿಮೆ ಬರೆಯಲಿ. ಅದರಿಂದ ಉಳಿದ ಹಣಕ್ಕೆ ಅಷ್ಟು ಹೆಸರುಕಾಳನ್ನೋ ಸೊಪ್ಪನ್ನೋ ತರಲಿ. ಬಂದ ಅತಿಥಿಗೆ ಚಹಾ ಕೊಡುವ ಮೊದಲು 'ಸಕ್ಕರೆ ಎಷ್ಟು ಹಾಕಲಿ?' ಎಂದು ಕೇಳುವುದು ಜಿಪುಣತನವಲ್ಲ, ಆದರವೇ ಸರಿ. ಹೀಗೆ ಒಂದು ವರ್ಷ ನಡೆದ ಮನೆಯಲ್ಲಿ ಊಟ ಬಲ್ಲವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.