ನಾಣ್ಯದ ಮೇಲಿನ ಚಿತ್ರ ನೋಡಿ ವಯಸ್ಸು ಹೇಳಬೇಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳೆ ಮನೆಗಳಲ್ಲಿ ದೇವರ ಜಗಲಿಯ ಮೇಲೋ ಅಜ್ಜಿಯ ಟ್ರಂಕಿನ ತಳದಲ್ಲೋ ನಾಲ್ಕಾರು ತಾಮ್ರದ ದುಡ್ಡು ಸಿಗುವುದುಂಟು. ಅವುಗಳಲ್ಲಿ ಹೆಚ್ಚು ಗೌರವ ಶಿವರಾಯಿಗೆ. "ಇದು ಖುದ್ದು ಶಿವಾಜಿ ಮಹಾರಾಜರು ಹೊಡೆಸಿದ್ದು" ಎಂಬ ಮಾತು ಅದರ ಜೊತೆಗೇ ಬರುತ್ತದೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರವರೆಗೆ ಆಳಿದವರು. ಮಿರಜ, ಸಾಂಗ್ಲಿ, ಕೊಲ್ಲಾಪುರದ ಪೇಟೆಗಳು ನಮಗೆ ಹತ್ತಿರ. ಹಾಗಾಗಿ ಇಲ್ಲಿ ಶಿವರಾಯಿ ಸಿಗುವುದು ಸಹಜ. ಆದರೆ ಸಿಕ್ಕಿದ್ದೆಲ್ಲ ಶಿವಾಜಿಯ ಕಾಲದ್ದು ಎಂಬುದು ತಪ್ಪು.

ಒಂದು ಶಿವರಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ದಪ್ಪನೆಯ ಬಿಲ್ಲೆ, ಅಂಚು ಸೊಟ್ಟ. ಒಂದು ಮುಖದಲ್ಲಿ ನಾಗರಿ ಲಿಪಿಯಲ್ಲಿ "ಶ್ರೀ ರಾಜಾ ಶಿವ", ಇನ್ನೊಂದು ಮುಖದಲ್ಲಿ "ಛತ್ರಪತಿ". ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಆದ್ದರಿಂದ ಪೂರ್ತಿ ಬರಹ ಒಂದೇ ನಾಣ್ಯದಲ್ಲಿ ಕೂತಿರುವುದು ಅಪರೂಪ. ಶಿವಾಜಿಯ ಪಟ್ಟಾಭಿಷೇಕ 1674ರಲ್ಲಿ, ನಿಧನ 1680ರಲ್ಲಿ. ಅವರ ನಂತರದ ಛತ್ರಪತಿಗಳ ಕಾಲದಲ್ಲೂ ಪೇಶ್ವೆಗಳ ಕಾಲದಲ್ಲೂ ಬೇರೆ ಬೇರೆ ಟಂಕಸಾಲೆಗಳು ಇದೇ ಬರಹವನ್ನು ಮುಂದುವರಿಸಿದವು. ಹೊಸ ಹೆಸರಿನ ದುಡ್ಡಿಗಿಂತ ಪರಿಚಯದ ದುಡ್ಡನ್ನೇ ಸಂತೆ ನಂಬುತ್ತಿತ್ತು. ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಶಿವರಾಯಿ ಹೊಡೆಯುತ್ತಲೇ ಇದ್ದರು. ಅಕ್ಷರಗಳ ನಡುವೆ ಎರಡು ಅಡ್ಡಗೆರೆ ಕಂಡರೆ ಅದು "ದುದಾಂಡಿ" ಶಿವರಾಯಿ. ಆ ಸಾಲಿನಲ್ಲಿ ತೀರ ಈಚಿನದು. ಶಿವಾಜಿಯ ಚಿನ್ನದ ಹೊನ್ನು ನಿಜಕ್ಕೂ ದುರ್ಲಭ. ಸಾಮಾನ್ಯ ತಾಮ್ರದ ಶಿವರಾಯಿ ಹಾಗಲ್ಲ, ಅದು ಊರೂರಲ್ಲಿ ಓಡಾಡಿದ ದುಡ್ಡು.

ಚಿತ್ರವನ್ನೋ ಹೆಸರನ್ನೋ ನೋಡಿ ಕಾಲ ಹೇಳುವ ಈ ಅಭ್ಯಾಸ ನಮ್ಮ ಕಡೆಯದಷ್ಟೇ ಅಲ್ಲ. ವಿದೇಶಿ ಚಿಲ್ಲರೆ ಸಂಗ್ರಹಿಸುವವರ ಕೈಗೆ ಮೆಕ್ಸಿಕೋದ 20 ಸೆಂಟಾವೊ ಕಂಚಿನ ನಾಣ್ಯ ಬರುತ್ತದೆ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾದ ಪಿರಮಿಡ್ಡು, ಹಿಂದೆ ಜ್ವಾಲಾಮುಖಿ ಬೆಟ್ಟಗಳು, ಪಕ್ಕದಲ್ಲಿ ಕಳ್ಳಿಗಿಡ. "ಅಜ್ಟೆಕ್ ಸಾಮ್ರಾಜ್ಯದ ನಾಣ್ಯ" ಎಂದು ಅದನ್ನು ತೋರಿಸುವವರಿದ್ದಾರೆ. ಈ ಒಂದು ಮಾತಿನಲ್ಲಿ ಮೂರು ತಪ್ಪುಗಳಿವೆ. ಆ ನಾಣ್ಯ ಟಂಕಿಸಿದ್ದು 1943ರಿಂದ 1974ರವರೆಗೆ. ಅದರಲ್ಲಿರುವುದು ತಿಯೊತಿಹುಆಕಾನ್‌ನ ಸೂರ್ಯ ಪಿರಮಿಡ್ಡು, ಅಜ್ಟೆಕರು 1325ರಲ್ಲಿ ತಮ್ಮ ರಾಜಧಾನಿ ಕಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಎದ್ದು ನಿಂತದ್ದು. ಇನ್ನು ಅಜ್ಟೆಕರಿಗೆ ಲೋಹದ ನಾಣ್ಯವೇ ಇರಲಿಲ್ಲ. ಚಿಲ್ಲರೆಗೆ ಅವರು ಕೊಡುತ್ತಿದ್ದುದು ಕೋಕೋ ಬೀಜ, ದೊಡ್ಡ ವ್ಯವಹಾರಕ್ಕೆ ಕೈಮಗ್ಗದ ಹತ್ತಿ ಬಟ್ಟೆ. ನೇಯ್ದ ಬಟ್ಟೆಯೇ ಹಣವಾಗಿದ್ದ ನಾಡಿನ ಕತೆಯನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರಾದರೂ ಹೇಳಬೇಕು. ಅವರಷ್ಟು ಚೆನ್ನಾಗಿ ಅದನ್ನು ಅರ್ಥ ಮಾಡಿಕೊಳ್ಳುವವರು ಬೇರೆ ಸಿಗಲಾರರು. ಮೆಕ್ಸಿಕೋದ ಮೊದಲ ಟಂಕಸಾಲೆ 1535ರಲ್ಲಿ ಸ್ಪೇನಿನವರು ತೆರೆದದ್ದು. ಅಜ್ಟೆಕ್ ವಿನ್ಯಾಸ ನಾಣ್ಯಕ್ಕೆ ಬಂದದ್ದು ಸ್ವತಂತ್ರ ಮೆಕ್ಸಿಕೋ ತನ್ನ ಬೇರನ್ನು ನೆನೆದುಕೊಂಡಾಗ. 1936ರ 10 ಸೆಂಟಾವೊದ ಅಂಚಿಗೂ 1992ರ ನಂತರದ ಪೆಸೊಗಳ ಹೊರಬಳೆಗೂ ಅಜ್ಟೆಕ್ ಸೂರ್ಯಶಿಲೆಯ ಕೆತ್ತನೆಗಳೇ ಮಾದರಿ. ಈ ಚಿಲ್ಲರೆಗಳು ಅಗ್ಗ, ನೋಡಲು ಬಹಳ ಚೆಂದ. ಹೊಸದಾಗಿ ಸಂಗ್ರಹ ಶುರು ಮಾಡುವ ಹುಡುಗರಿಗೆ ಇವಕ್ಕಿಂತ ಒಳ್ಳೆಯ ಆರಂಭ ಇಲ್ಲವೆಂದೇ ನನ್ನ ಅಭಿಪ್ರಾಯ.

ಚಿತ್ರವನ್ನು ನಂಬಿ ಹಣ ಕಳೆದುಕೊಳ್ಳುವುದು ರಾಮದರ್ಬಾರದ ಬಿಲ್ಲೆಯ ವಿಷಯದಲ್ಲಿ. ಒಂದು ಕಡೆ ಸೀತಾರಾಮಲಕ್ಷ್ಮಣ ಹನುಮಂತ, ಇನ್ನೊಂದು ಕಡೆ "ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818" ಎಂದು ಇಂಗ್ಲಿಷ್ ಬರಹ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಮದ್ರಾಸಿನ ಚಿನ್ನದ ಪಗೋಡದ ಮೇಲೆ ವಿಷ್ಣುವಿನ ರೂಪ ಇದ್ದದ್ದು ನಿಜ, ಆದರೆ ಅದು ಬೇರೆಯೇ ನಾಣ್ಯ. ಈ ತಾಮ್ರದ ಬಿಲ್ಲೆಗಳು ಆಮೇಲೆ ಮಾಡಿ ಮಾರಿದವು. ಪೂಜೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಇದು ಅಕ್ಕಿಕಾಳನ್ನು ಎಳೆಯುತ್ತದೆ, ಇದರಲ್ಲಿ ಇರಿಡಿಯಂ ಇದೆ, ಕೋಟಿಗೆ ಹೋಗುತ್ತದೆ ಎಂದು ಯಾರಾದರೂ ಬಂದರೆ ಅದು ಅಪ್ಪಟ ವಂಚನೆ. "ರೈಸ್ ಪುಲ್ಲಿಂಗ್" ಹೆಸರಿನ ಈ ಮೋಸದಲ್ಲಿ ಕರ್ನಾಟಕದ ಪೊಲೀಸರು ಮತ್ತೆ ಮತ್ತೆ ಜನರನ್ನು ಬಂಧಿಸಿದ್ದಾರೆ.

ವೈಷ್ಣೋದೇವಿಯ 5 ಮತ್ತು 10 ರೂಪಾಯಿ ನಾಣ್ಯದ್ದೂ ಇದೇ ಕತೆ. ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ ಚಲಾವಣೆಗೆಂದೇ ಹೊರತಂದವು ಅವು. ಲಕ್ಷ ಬರುವುದಿಲ್ಲ. 1968ರಿಂದ 1971ರವರೆಗಿನ ಕಮಲದ 20 ಪೈಸೆಯಲ್ಲಿ ಬಂಗಾರ ಬೆರೆಸಿದ್ದಾರೆ ಎಂಬುದೂ ಸುಳ್ಳು. ತಾಮ್ರ ಹೆಚ್ಚಿರುವ ಹಿತ್ತಾಳೆ ಜಾತಿಯ ಮಿಶ್ರಲೋಹದ ಹೊಳಪು ಅದು.

ಇನ್ನೊಂದು ನಂಬಿಕೆ ನಾಣ್ಯಗಳಿಗೇ ಹಾನಿ ಮಾಡುತ್ತದೆ: ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬೆಲೆ ಹೆಚ್ಚುತ್ತದೆ ಎಂಬುದು. ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀಪೂಜೆಯ ತಂಬಿಗೆಯೊಂದಿಗೆ ದುಡ್ಡನ್ನೂ ತಿಕ್ಕಿ ಬೆಳಗುತ್ತಾರೆ. ತಾಮ್ರದ ಮೇಲೆ ನೂರಿನ್ನೂರು ವರ್ಷದಲ್ಲಿ ಕೂತ ಕಂದು ಪದರವೇ ಅದರ ರಕ್ಷಣೆ. ಹುಳಿ ಅದನ್ನು ಕಿತ್ತು ಹಾಕುತ್ತದೆ, ಅಕ್ಷರದ ಅಂಚು ಸವೆಯುತ್ತದೆ. ಬೆಳಗಿದ ನಾಣ್ಯವನ್ನು ಬಲ್ಲ ಸಂಗ್ರಾಹಕ ಮುಟ್ಟುವುದೂ ಇಲ್ಲ. ದಯವಿಟ್ಟು ತಿಕ್ಕಬೇಡಿ. ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಅದರ ಮೇಲೆ ಯಾರ ಮನೆಯದು, ಎಲ್ಲಿ ಸಿಕ್ಕಿತು ಎಂದು ಬರೆಯಿರಿ.

ಹಳೆ ನಾಣ್ಯ ಮನೆಯಲ್ಲಿಡುವುದು ಅಪರಾಧ ಎಂದು ಹೆದರಿ ಗುಜರಿಗೆ ಹಾಕುವವರೂ ಇದ್ದಾರೆ. ಅಪರಾಧವಲ್ಲ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ, ಅಷ್ಟೇ. 50 ಪೈಸೆ ಇಂದಿಗೂ ನಡೆಯುವ ದುಡ್ಡು. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಒಯ್ಯಲು 1972ರ ಪ್ರಾಚ್ಯವಸ್ತು ಕಾಯ್ದೆ ಬಿಡುವುದಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಗಡಿಗೆಯಲ್ಲಿ ನಿಧಿ ಸಿಕ್ಕರೆ ಮಾತ್ರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಕೊನೆಯದಾಗಿ, ಮೊಬೈಲಿಗೆ ಬರುವ "ನಿಮ್ಮ ನಾಣ್ಯಕ್ಕೆ ಹತ್ತು ಲಕ್ಷ" ಎಂಬ ಕರೆ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಕೇಳುತ್ತಾರೆ, ರಿಸರ್ವ್ ಬ್ಯಾಂಕಿನ ಲಾಂಛನವನ್ನೂ ಕಳಿಸುತ್ತಾರೆ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿ ಆಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.